ಒಂದು ಲೋಟ ಕಹಿಗಾಗಿ 133 ದಿನ

2006ನೇ ಇಸವಿಯ ಡಿಸೆಂಬರ್ ತಿಂಗಳು. ಇಂಗ್ಲೆಂಡಿನ ದಕ್ಷಿಣ ಭಾಗದ ಸಸೆಕ್ಸ್ ಪ್ರಾಂತದಲ್ಲಿ ಲೂಯಿಸ್ ಎಂಬ ಪುಟ್ಟ ಪಟ್ಟಣ. ಅಲ್ಲಿನ ಹಳೆಯ ಕೋಟೆಯ ಬುಡದಲ್ಲಿ, ಇಕ್ಕಟ್ಟಾದ ಓಣಿಯಲ್ಲಿ ‘ಲೂಯಿಸ್ ಆರ್ಮ್ಸ್’ ಎಂಬ ಪಬ್ಬು. ಹೊರಗೆ ಮೂಳೆ ಕೊರೆಯುವ ಚಳಿ. ಒಳಗೆ ಬೆಚ್ಚಗಿದೆ, ಕೂರಲು ಬೆಂಚುಗಳಿವೆ, ಬೀರೂ ಇದೆ. ಆದರೆ ವರ್ಷಾನುಗಟ್ಟಲೆ ತಪ್ಪದೆ ಬರುತ್ತಿದ್ದ ಗಿರಾಕಿಗಳು ಬಾಗಿಲ ಹೊರಗೇ ನಿಂತುಬಿಟ್ಟಿದ್ದಾರೆ! ಒಳಗೆ ಹೊರಟವರನ್ನು ತಡೆದು, ವಿನಯದಿಂದಲೇ, ‘ದಯವಿಟ್ಟು ಇಲ್ಲಿ ಕುಡಿಯಬೇಡಿ’ ಎಂದು ಕೇಳಿಕೊಳ್ಳುತ್ತಿದ್ದಾರೆ.

ಬೆಲೆ ಏರಿತೇ? ಇಲ್ಲ. ಕಲಬೆರಕೆಯೇ? ಅದೂ ಇಲ್ಲ. ಪಬ್ಬಿನ ಒಡೆತನ ಹೊಂದಿದ್ದ ಗ್ರೀನ್ ಕಿಂಗ್ ಎಂಬ ದೊಡ್ಡ ಬ್ರೂವರಿ ಕಂಪನಿಯು ಕೌಂಟರಿನಿಂದ ಒಂದೇ ಒಂದು ಬೀರನ್ನು ತೆಗೆದುಹಾಕಿತ್ತು. ಅದರ ಹೆಸರು ಹಾರ್ವೀಸ್ ಸಸೆಕ್ಸ್ ಬೆಸ್ಟ್ ಬಿಟರ್. ಅದೇ ಊರಿನ ಊಸ್ ನದಿಯ ದಂಡೆಯಲ್ಲಿ, ಪಬ್ಬಿನಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ತಯಾರಾಗುವ ಬೀರು ಅದು. ಆ ಪಬ್ಬಿನಲ್ಲಿ ಹೆಚ್ಚು ಖರ್ಚಾಗುತ್ತಿದ್ದುದೂ ಅದೇ. ಇನ್ನು ಮುಂದೆ ತನ್ನ ಬೀರುಗಳನ್ನಷ್ಟೇ ಮಾರುವುದೆಂದು ಕಂಪನಿ ತೀರ್ಮಾನಿಸಿತು. ಊರಿನವರು ಬಹಿಷ್ಕಾರ ಹೂಡಿದರು. ಸಾವಿರಕ್ಕೂ ಹೆಚ್ಚು ಸಹಿಗಳ ಮನವಿ ಹೋಯಿತು. ಅಲ್ಲಿನ ಸಂಸತ್ ಸದಸ್ಯರೂ ಬೆಂಬಲಕ್ಕೆ ನಿಂತರು.

ಒಂದು ಬೀರಿಗಾಗಿ ಇಷ್ಟೊಂದು ರಂಪವೇ ಎಂದು ನಮ್ಮ ಓದುಗರು ಮೂಗಿನ ಮೇಲೆ ಬೆರಳಿಡಬಹುದು. ಮಕ್ಕಳ ಕೈಗೆ ಸಿಗುವ ಪುರವಣಿಯಲ್ಲಿ ಬೀರಿನ ಮಾತೇಕೆ ಎಂದು ಪೋಷಕರು ಹುಬ್ಬು ಗಂಟಿಕ್ಕಲೂಬಹುದು. ಮದ್ಯದಿಂದ ಆಗುವ ಹಾನಿಯಲ್ಲಿ ಸಂಶಯವಿಲ್ಲ. ವಾರಕ್ಕೆ 14 ಯೂನಿಟ್ ಮೀರಬಾರದೆಂದು ಬ್ರಿಟನ್ನಿನ ವೈದ್ಯಾಧಿಕಾರಿಗಳೇ 2016ರಲ್ಲಿ ಸೂಚಿಸಿದ್ದಾರೆ. ಒಂದು ಯೂನಿಟ್ ಎಂದರೆ 10 ಮಿಲಿಲೀಟರ್ ಶುದ್ಧ ಆಲ್ಕೊಹಾಲು. ಶೇಕಡಾ 4ರ ಬಿಟರ್ ಒಂದು ಪೈಂಟ್, ಅಂದರೆ 568 ಮಿಲಿಲೀಟರ್, ಕುಡಿದರೆ ಎಷ್ಟು ಯೂನಿಟ್ ಆಯಿತು? ಲೆಕ್ಕ ಮಾಡಿ ನೋಡಿ, ಎರಡೂಕಾಲರ ಆಸುಪಾಸು ಬರುತ್ತದೆ. ವಾರಕ್ಕೆ ಆರು ಲೋಟಕ್ಕೆ ಲೆಕ್ಕ ಮುಗಿಯಿತು! ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗೋಣ. ಏಕೆಂದರೆ ಲೂಯಿಸಿನ ಜಗಳ ಅರ್ಥವಾಗಬೇಕಾದರೆ ಆ ಲೋಟದೊಳಗಿನ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರವನ್ನು ಸ್ವಲ್ಪ ತಿಳಿಯಬೇಕು.

ಮೊಳಕೆಯಿಂದ ಲೋಟಕ್ಕೆ

ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿ ಮಗುವಿಗೆ ಮಾಲ್ಟ್ ಮಾಡುತ್ತಾರಲ್ಲ, ಬೀರಿನ ಮೊದಲ ಹಂತವೂ ಅದೇ. ರಾಗಿಯ ಬದಲು ಬಾರ್ಲಿ, ಅಷ್ಟೇ. ಮೊಳಕೆಯೊಡೆದಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಎಚ್ಚೆತ್ತುಕೊಳ್ಳುತ್ತದೆ. ಮೊಳಕೆಯನ್ನು ಒಣಗಿಸಿ, ಒಡೆದು, ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನೆನೆಹಾಕಿದರೆ ಆ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಸೋಸಿದರೆ ಸಿಹಿಯಾದ ಕಂದು ರಸ ಸಿಗುತ್ತದೆ.

ಸಿಹಿ ರಸ ಕಹಿಯಾಗುವುದು ಹೇಗೆ? ಹಾಪ್ ಎಂಬ ಬಳ್ಳಿಯ ಹೂವಿನಿಂದ. ಸಸ್ಯಶಾಸ್ತ್ರದ ಪ್ರಕಾರ ಈ ಬಳ್ಳಿ ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ್ದು, ಆದರೆ ಗಾಂಜಾದ ಅಮಲು ಇದಕ್ಕಿಲ್ಲ. ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಎತ್ತರದ ಕಂಬ, ತಂತಿಗಳಿಗೆ ಹಬ್ಬಿಸಿ ಬೆಳೆಸುತ್ತಾರೆ. ಫಗಲ್, ಗೋಲ್ಡಿಂಗ್ ಎಂಬವು ಅಲ್ಲಿನ ಸಾಂಪ್ರದಾಯಿಕ ತಳಿಗಳು. ಒಂದು ಕಾಲದಲ್ಲಿ ಲಂಡನ್ನಿನ ಬಡ ಕುಟುಂಬಗಳು ಸುಗ್ಗಿಯ ಹೊತ್ತಿಗೆ ಮಕ್ಕಳು ಮರಿ ಸಮೇತ ಈ ಹೂ ಕೀಳಲು ಗುಳೆ ಹೋಗುತ್ತಿದ್ದವು. ಸಾಹಿತಿ ಜಾರ್ಜ್ ಆರ್ವೆಲ್ ಕೂಡ 1931ರಲ್ಲಿ ಆ ಕೂಲಿ ಮಾಡಿ ಬಂದಾತ. ಹೂವಿನಲ್ಲಿರುವ ರಾಳದಂಥ ಆಮ್ಲಗಳು ಹಾಗೆಯೇ ಅಷ್ಟೇನೂ ಕಹಿಯಲ್ಲ, ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಒಂದೊಂದೂವರೆ ಗಂಟೆ ಕುದಿಸಿದಾಗ ಅವುಗಳ ಅಣುವಿನ ಜೋಡಣೆ ಬದಲಾಗುತ್ತದೆ. ಪರಮಾಣುಗಳ ಸಂಖ್ಯೆ ಅಷ್ಟೇ, ಜೋಡಣೆ ಬೇರೆ. ಪಿಯುಸಿ ವಿದ್ಯಾರ್ಥಿಗಳು ಓದುವ ಸಮಾಂಗತೆ ಎಂದರೆ ಇದೇ. ಹೊಸ ಜೋಡಣೆಯ ಅಣುಗಳು ಕರಗುತ್ತವೆ, ಹಾಗಲಕಾಯಿಯಂತೆ ನಾಲಗೆಗೆ ಹತ್ತುತ್ತವೆ. ಹುಳಿ ಹಿಡಿಸುವ ಕೆಲವು ಬ್ಯಾಕ್ಟೀರಿಯಾಗಳನ್ನು ಅವು ಬೆಳೆಯಗೊಡುವುದಿಲ್ಲ ಎಂಬುದು ಇನ್ನೊಂದು ಲಾಭ.

ಈ ಲಾಭವೇ ಬಿಟರ್‌ಗೂ ನಮ್ಮ ದೇಶಕ್ಕೂ ನಂಟು ಬೆಸೆದದ್ದು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಲ್ಲಿದ್ದ ಬಿಳಿಯರಿಗೆ ಬೀರು ಹಡಗಿನಲ್ಲಿ, ಆಫ್ರಿಕದ ತುದಿಯನ್ನು ಸುತ್ತಿ ಬರಬೇಕಿತ್ತು. ತಿಂಗಳುಗಟ್ಟಲೆ ಪಯಣ, ಎರಡು ಸಲ ಭೂಮಧ್ಯರೇಖೆಯ ದಾಟು. ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಬ್ರೂವರಿಯ, ಹಾಪನ್ನು ಧಾರಾಳವಾಗಿ ಹಾಕಿದ ತಿಳಿಬಣ್ಣದ ಬೀರು ಈ ಪಯಣಕ್ಕೆ ಚೆನ್ನಾಗಿ ಒಗ್ಗಿತು. 1820ರ ದಶಕದಲ್ಲಿ ಬರ್ಟನ್ ಎಂಬ ಊರಿನ ಆಲ್‌ಸಾಪ್, ಬಾಸ್ ಮುಂತಾದ ಕಂಪನಿಗಳು ಪೈಪೋಟಿಗೆ ಇಳಿದವು. ಇದೇ ಮುಂದೆ ‘ಇಂಡಿಯಾ ಪೇಲ್ ಏಲ್’ ಎನಿಸಿಕೊಂಡಿತು. ರೈಲು ಬಂದ ಮೇಲೆ ಈ ಜಾತಿಯ ಬೀರು ಇಂಗ್ಲೆಂಡಿನ ಒಳಗೂ ಹರಡಿತು. ದೂರದ ಪಯಣವಿಲ್ಲದ್ದರಿಂದ ಬರಬರುತ್ತ ಅದನ್ನು ತೆಳುವಾಗಿ, ಬೇಗ ಖರ್ಚಾಗುವಂತೆ ಮಾಡತೊಡಗಿದರು. ಜನ ಅದಕ್ಕೆ ಇಟ್ಟ ಅಡ್ಡಹೆಸರೇ ಬಿಟರ್, ಅಂದರೆ ಕಹಿ. ಲೂಯಿಸಿನಲ್ಲಿ ಹಾರ್ವೀಸ್ ಬೀರಿನ ಜಾಗಕ್ಕೆ ಬಂದು ಕೂತ ಬೀರಿನ ಹೆಸರೇನು ಗೊತ್ತೇ? ಗ್ರೀನ್ ಕಿಂಗ್ ಐಪಿಎ. ಅದರಲ್ಲಿರುವ ‘ಐ’ ಎಂದರೆ ಇಂಡಿಯಾ!

ವಿಚಿತ್ರವೆಂದರೆ ಆ ಬೀರು ನಮ್ಮಲ್ಲಿ ಬೇರೂರಲಿಲ್ಲ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಗ್ಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್ ಇವತ್ತು ಬೆಂಗಳೂರಿನ ದೊಡ್ಡ ಕಂಪನಿ. ಆದರೆ ನಮ್ಮ ದೇಶದಲ್ಲಿ ಬಹುಪಾಲು ಮಾರಾಟವಾಗುವುದು ಲಾಗರ್ ಎಂಬ, ಜುಂ ಎನ್ನುವಷ್ಟು ತಣ್ಣಗೆ ಮಾಡಿ ಕುಡಿಯುವ ಬೇರೆ ಜಾತಿಯ ಬೀರು. ಬಿಸಿಲಿನ ದೇಶಕ್ಕೆ ಅದು ಸಹಜವೂ ಹೌದು.

ಬರ್ಟನ್ನಿನ ಮಾತು ಬಂತಲ್ಲ, ಅಲ್ಲಿನ ನೀರಿನ ಗುಟ್ಟು ಹೈಸ್ಕೂಲಿನ ಪಾಠವೇ. ಗಡಸು ನೀರಿನಲ್ಲಿ ಎರಡು ಬಗೆ: ಕುದಿಸಿದರೆ ಹೋಗುವ ತಾತ್ಕಾಲಿಕ ಗಡಸುತನ, ಕುದಿಸಿದರೂ ಹೋಗದ ಶಾಶ್ವತ ಗಡಸುತನ. ಲಂಡನ್ನಿನ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು. ಹುರಿದ ಮಾಲ್ಟಿನ ಕಪ್ಪು ಬೀರಿಗೆ ಅದು ಹೊಂದುತ್ತದೆ. ಬರ್ಟನ್ನಿನ ಬಾವಿಗಳಲ್ಲಿರುವುದು ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಕ್ಯಾಲ್ಸಿಯಂ ರಸದ ಪಿಎಚ್ ತಗ್ಗಿಸಿ ಕಿಣ್ವಕ್ಕೆ ನೆರವಾಗುತ್ತದೆ, ಸಲ್ಫೇಟು ಕಹಿಯನ್ನು ಚುರುಕುಗೊಳಿಸುತ್ತದೆ. ತಿಳಿಬಣ್ಣದ ಕಹಿ ಬೀರಿಗೆ ಹೇಳಿ ಮಾಡಿಸಿದ ನೀರು! ಈ ಗುಟ್ಟು ಬಯಲಾದ ಮೇಲೆ ಬೇರೆ ಊರುಗಳವರೂ ತಮ್ಮ ನೀರಿಗೆ ಜಿಪ್ಸಂ ಬೆರೆಸತೊಡಗಿದರು. ಬಾಸ್ ಕಂಪನಿಯ ಕೆಂಪು ತ್ರಿಕೋನ ಬ್ರಿಟನ್ನಿನಲ್ಲಿ ನೋಂದಾಯಿತವಾದ ಮೊಟ್ಟಮೊದಲ ಟ್ರೇಡ್‌ಮಾರ್ಕ್. ಅದು ನಡೆದದ್ದು 1876ರ ಜನವರಿ 1ರಂದು.

ಎಪ್ಪತ್ತೆರಡು ಲೋಟದ ಲೆಕ್ಕ

ರಸಕ್ಕೆ ಯೀಸ್ಟ್ ಸೇರಿಸಿದ ಮೇಲೆ ಸಕ್ಕರೆ ಕರಗಿ ಆಲ್ಕೊಹಾಲು ಮತ್ತು ಇಂಗಾಲದ ಡೈ ಆಕ್ಸೈಡ್ ಆಗುವುದನ್ನು ಎಲ್ಲರೂ ಓದಿರುತ್ತಾರೆ. ಹಾರ್ವೀಸ್ ಬ್ರೂವರಿಯ ಯೀಸ್ಟ್ 1957ರಲ್ಲಿ ಯಾರ್ಕ್‌ಷೈರಿನ ಇನ್ನೊಂದು ಬ್ರೂವರಿಯಿಂದ ಬಂದದ್ದು. ನಮ್ಮಲ್ಲಿ ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುವಂತೆ, ಒಂದು ಸಲದ್ದನ್ನು ತೆಗೆದಿಟ್ಟು ಮುಂದಿನದಕ್ಕೆ ಹಾಕುತ್ತ ಅದರ ಸಂತಾನವನ್ನೇ ಉಳಿಸಿಕೊಂಡು ಬಂದಿದ್ದಾರೆ. 2000ದ ಅಕ್ಟೋಬರಿನಲ್ಲಿ ಊಸ್ ನದಿ ಉಕ್ಕಿ ಬ್ರೂವರಿಯೊಳಗೆ ನೀರು ನುಗ್ಗಿತು. ಆಳುಗಳು ಒಳಗೆ ಹೋಗುವಂತಿರಲಿಲ್ಲ. ಆದರೆ ತೊಟ್ಟಿಗಳಲ್ಲಿದ್ದ ಯೀಸ್ಟ್ ಮಾತ್ರ ತನ್ನ ಕೆಲಸ ಮಾಡುತ್ತಲೇ ಇತ್ತು. ಆ ನೆರೆಯ ಬೀರನ್ನು ಆಮೇಲೆ ‘ಊಸ್ ಬೂಜ್’ ಎಂಬ ತಮಾಷೆಯ ಹೆಸರಿನಲ್ಲಿ ಮಾರಿದರು.

ಸಾಂಪ್ರದಾಯಿಕ ಬಿಟರ್‌ನ ವೈಶಿಷ್ಟ್ಯ ಇಲ್ಲಿಂದ ಮುಂದಿನದು. ಸಾಮಾನ್ಯವಾಗಿ ಕಾರ್ಖಾನೆಯ ಬೀರನ್ನು ಸೋಸಿ, ಬಿಸಿ ಮಾಡಿ, ಯೀಸ್ಟನ್ನು ಪೂರ್ತಿ ತೆಗೆದು, ಅನಿಲ ತುಂಬಿ ಮುಚ್ಚುತ್ತಾರೆ. ಅದು ತಿಂಗಳುಗಟ್ಟಲೆ ಕೆಡದು. ಬಿಟರನ್ನು ಮಾತ್ರ ಯೀಸ್ಟು ಜೀವಂತ ಇರುವಾಗಲೇ ಪೀಪಾಯಿಗೆ ತುಂಬಿ ಪಬ್ಬಿಗೆ ಕಳಿಸುತ್ತಾರೆ. ಪಬ್ಬಿನ ನೆಲಮಾಳಿಗೆಯಲ್ಲಿ, 12 ಡಿಗ್ರಿಯ ಆಸುಪಾಸಿನಲ್ಲಿ, ಅದು ಇನ್ನೊಮ್ಮೆ ಹುದುಗುತ್ತದೆ. ಪೀಪಾಯಿಯ ನೆತ್ತಿಯ ತೂತಿಗೆ ಮೆತ್ತನೆಯ ಮರದ ಬೆಣೆ ಬಡಿದರೆ ಹೆಚ್ಚಿನ ಅನಿಲ ಹೊರಹೋಗುತ್ತದೆ, ಗಟ್ಟಿ ಬೆಣೆ ಬಡಿದರೆ ಒಳಗೇ ನಿಲ್ಲುತ್ತದೆ. ಯಾವಾಗ ಯಾವುದನ್ನು ಬಡಿಯಬೇಕೆಂಬುದು ಪಬ್ಬಿನವನ ಅನುಭವಕ್ಕೆ ಬಿಟ್ಟದ್ದು. ಒಳ್ಳೆಯ ಬೀರನ್ನು ಹಾಳುಮಾಡುವ ಅಧಿಕಾರ ಪೂರ್ತಿ ಅವನ ಕೈಯಲ್ಲಿದೆ!

ಜೀವಂತ ಯೀಸ್ಟಿದ್ದರೆ ಬೀರು ಕಲಕಲಾಗಿರಬೇಕಲ್ಲವೇ? ಅದಕ್ಕೂ ಒಂದು ಉಪಾಯವಿದೆ. ಕೆಲವು ಜಾತಿಯ ಮೀನುಗಳ ಹೊಟ್ಟೆಯಲ್ಲಿರುವ ಗಾಳಿಚೀಲವನ್ನು ಒಣಗಿಸಿ, ಆಮ್ಲದಲ್ಲಿ ಕರಗಿಸಿ ಪೀಪಾಯಿಗೆ ಸೇರಿಸುತ್ತಾರೆ. ಅದರ ಪ್ರೋಟೀನಿಗೆ ಬೀರಿನಲ್ಲಿ ಧನ ವಿದ್ಯುದಂಶ, ಯೀಸ್ಟ್ ಕೋಶದ ಮೈಮೇಲೆ ಋಣ ವಿದ್ಯುದಂಶ. ಎರಡೂ ಅಂಟಿಕೊಂಡು ಗಂಟುಗಂಟಾಗಿ ತಳಕ್ಕಿಳಿಯುತ್ತವೆ. ಮಳೆಗಾಲದ ಕೆಂಪು ನೀರಿಗೆ ಪಟಿಕ ತಿಕ್ಕಿ ತಿಳಿ ಮಾಡುವುದರ ಹಿಂದಿರುವುದೂ ಇದೇ ತತ್ವ. ಮೀನಿನ ಈ ಸಂಗತಿ ಗೊತ್ತಾದ ಮೇಲೆ ಅಲ್ಲಿನ ಸಸ್ಯಾಹಾರಿಗಳು ಮೀನು ಹಾಕದ ಬೀರು ಬೇಕೆಂದು ಕೇಳತೊಡಗಿದ್ದಾರೆ, ಕೆಲವು ಬ್ರೂವರಿಗಳು ಕೊಡತೊಡಗಿವೆ ಕೂಡ.

ತಿಳಿಯಾದ ಬೀರನ್ನು ನೆಲಮಾಳಿಗೆಯಿಂದ ಮೇಲೆತ್ತುವುದು ಕೈಪಂಪು. ಬೀದಿಯ ಬೋರ್‌ವೆಲ್ ಪಂಪಿನ ತಮ್ಮ ಎನ್ನಬಹುದು. ಇಂಥ ಬೀರಿನ ಪಂಪಿಗೆ 1797ರಲ್ಲಿ ಪೇಟೆಂಟ್ ಪಡೆದವನು ಜೋಸೆಫ್ ಬ್ರಾಮಾ. ಪಾಸ್ಕಲನ ನಿಯಮದ ಪಾಠದಲ್ಲಿ ಬರುವ ಬ್ರಾಮಾ ಪ್ರೆಸ್ ಮಾಡಿದನಲ್ಲ, ಅವನೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪೀಪಾಯಿಯಿಂದ ಒಂದು ಲೋಟ ಬೀರು ಹೊರಬಂದರೆ ಅಷ್ಟೇ ಗಾತ್ರದ ಗಾಳಿ ಒಳಹೋಗುತ್ತದೆ. ಗಾಳಿಯಲ್ಲಿ ಆಮ್ಲಜನಕವಿದೆ, ಆಲ್ಕೊಹಾಲನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳೂ ಇವೆ. ಹಾಗಾಗಿ ಪೀಪಾಯಿಗೆ ನಲ್ಲಿ ಹೊಡೆದ ಮೂರು ದಿನಗಳೊಳಗೆ ಅದು ಖಾಲಿಯಾಗಬೇಕು. ಆಮೇಲೆ ರುಚಿ ಸಪ್ಪೆ, ಬಳಿಕ ಹುಳಿ. ಬೆಳಗಿನ ನೀರಾ ಮಧ್ಯಾಹ್ನಕ್ಕೆ ಹೆಂಡವಾಗುವಷ್ಟು ಅವಸರ ಇಲ್ಲದಿದ್ದರೂ ಗಡಿಯಾರ ಓಡುತ್ತಲೇ ಇರುತ್ತದೆ.

ಫರ್ಕಿನ್ ಎಂಬ ಸಣ್ಣ ಪೀಪಾಯಿಯಲ್ಲಿ 9 ಗ್ಯಾಲನ್ ಇರುತ್ತದೆ. ಗ್ಯಾಲನ್ನಿಗೆ 8 ಪೈಂಟ್, ಒಟ್ಟು 72. ಮೂರು ದಿನಕ್ಕೆ ಹಂಚಿದರೆ ದಿನಕ್ಕೆ 24 ಲೋಟ. ನಾಲ್ಕು ಬಗೆಯ ಬಿಟರ್ ಇಟ್ಟ ಪಬ್ಬಿಗೆ ದಿನಕ್ಕೆ 96 ಲೋಟ ಖರ್ಚಾಗಬೇಕು. ಅಂದರೆ ಸುತ್ತಮುತ್ತಲಿನ ಬೀದಿಗಳಿಂದ ಪ್ರತಿ ಸಂಜೆ ತಪ್ಪದೆ ಬರುವ ನಲವತ್ತೈವತ್ತು ಮಂದಿ ಇರಲೇಬೇಕು. ಅವರು ಬಾರದಿದ್ದರೆ ಬೀರು ಕೆಡುತ್ತದೆ. ಬೀರು ಕೆಟ್ಟರೆ ಅವರು ಬರುವುದಿಲ್ಲ. ಬಿಟರ್ ಅನ್ನು ಗೋದಾಮಿನಲ್ಲಿ ಕೂಡಿಡಲು ಬಾರದು, ಫ್ರಿಜ್ಜಿನಲ್ಲಿಟ್ಟು ಉಳಿಸಲು ಬಾರದು. ಅದು ನೆರೆಹೊರೆಯನ್ನೇ ನಂಬಿಕೊಂಡಿರುವ ಪದಾರ್ಥ. ಅಲ್ಲಿನವರು ತಮ್ಮ ಬೀದಿಯ ಪಬ್ಬನ್ನು ಬರೇ ‘ಲೋಕಲ್’ ಎಂದು ಕರೆಯುವುದು ಸುಮ್ಮನೆ ಅಲ್ಲ.

ನೊರೆಯ ಜಗಳ

ಸಾಂಬಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂದು ನಮ್ಮಲ್ಲಿ ಊರೂರಿಗೂ ವಾದವಿದೆ. ಇಂಗ್ಲೆಂಡಿನಲ್ಲಿ ಆ ವಾದ ಬಿಟರ್‌ನ ನೊರೆಯ ಮೇಲೆ. ಉತ್ತರದ ಯಾರ್ಕ್‌ಷೈರಿನವರು ಪಂಪಿನ ಮೂತಿಗೆ ಸಣ್ಣ ತೂತುಗಳ ಬಿಲ್ಲೆಯೊಂದನ್ನು ಸಿಕ್ಕಿಸುತ್ತಾರೆ. ಬೀರು ಅದರಿಂದ ನುಗ್ಗಿ ಬಂದು ಕೆನೆಯಂಥ ದಪ್ಪ ನೊರೆ ಕಟ್ಟುತ್ತದೆ. ಲಂಡನ್, ಸಸೆಕ್ಸ್ ಕಡೆಯವರಿಗೆ ಅದನ್ನು ಕಂಡರಾಗದು. ನೊರೆಗೆ ದುಡ್ಡು ಕೊಡಬೇಕೇ ಎಂಬುದು ಅವರ ಪ್ರಶ್ನೆ. ನೊರೆಯಿಲ್ಲದ ಬೀರು ಪಾತ್ರೆ ತೊಳೆದ ನೀರಿನಂತೆ ಎಂಬುದು ಉತ್ತರದವರ ಉತ್ತರ!

ವಿಜ್ಞಾನ ಯಾರ ಪರ? ಸ್ವಲ್ಪ ಸ್ವಲ್ಪ ಇಬ್ಬರ ಪರವೂ. ಕಹಿಯ ಅಣುಗಳಿಗೆ ದ್ರವದ ಮೇಲ್ಮೈಗೆ ಬಂದು ಸೇರುವ ಸ್ವಭಾವವಿದೆ. ನೊರೆ ಎಂದರೆ ಬರೀ ಮೇಲ್ಮೈ. ಹಾಗಾಗಿ ನೊರೆಯಲ್ಲಿ ಕಹಿ ಸೇರಿಕೊಂಡು ಕೆಳಗಿನ ಬೀರು ತುಸು ಮೆದುವಾಗುತ್ತದೆ, ಅನಿಲವೂ ಕಡಿಮೆಯಾಗುತ್ತದೆ. ಉತ್ತರದ ಬೀರುಗಳನ್ನು ಈ ನೊರೆಯನ್ನು ಲೆಕ್ಕಕ್ಕೆ ಹಿಡಿದೇ ತಯಾರಿಸುತ್ತಾರೆ, ದಕ್ಷಿಣದವನ್ನು ಹಾಗಲ್ಲ. ಅವರವರ ಊರಿನಲ್ಲಿ ಅವರವರ ಪದ್ಧತಿಯೇ ಸರಿ. ಕೀಲಿ ಎಂಬ ಊರಿನ ಟಿಮೊತಿ ಟೇಲರ್ ಬ್ರೂವರಿಯ ‘ಲ್ಯಾಂಡ್‌ಲಾರ್ಡ್’ ಬ್ರಿಟನ್ನಿನ ಶ್ರೇಷ್ಠ ಬೀರೆಂಬ ಬಹುಮಾನವನ್ನು ನಾಲ್ಕು ಸಲ ಗೆದ್ದಿದೆ. ಇತ್ತ ಲಂಡನ್ನಿನ ಚಿಸಿಕ್‌ನಲ್ಲಿ ತಯಾರಾಗುವ ಫುಲ್ಲರ್ಸ್ ಬಿಟರ್‌ಗೆ ಪ್ರಾಣ ಬಿಡುವವರಿದ್ದಾರೆ. ಎರಡನ್ನೂ ಒಪ್ಪುವವನು ಮಾತ್ರ ಅಪರೂಪ.

ಇಂಗ್ಲಿಷರು ಬೀರನ್ನು ಬಿಸಿಯಾಗಿ ಕುಡಿಯುತ್ತಾರೆ ಎಂಬ ಗೇಲಿ ಲೋಕಪ್ರಸಿದ್ಧ. ಅದೂ ಪೂರ್ತಿ ನಿಜವಲ್ಲ. 12 ಡಿಗ್ರಿ ಎಂದರೆ ಮಡಿಕೇರಿಯ ಚಳಿಗಾಲದ ಮುಂಜಾವು! ತೀರಾ ತಣ್ಣಗಿದ್ದರೆ ಪರಿಮಳದ ಅಣುಗಳು ಆವಿಯಾಗಿ ಮೂಗಿಗೆ ಬರುವುದಿಲ್ಲ. ತೀರಾ ಬೆಚ್ಚಗಿದ್ದರೆ ಅನಿಲ ಕರಗಿ ನಿಲ್ಲುವುದಿಲ್ಲ. ನೆಲಮಾಳಿಗೆಯ ತಂಪು ಎರಡಕ್ಕೂ ನಡುವೆ.

ಈ ವಾದಗಳಿಗೆಲ್ಲ ಒಂದು ಹೊತ್ತಿನಲ್ಲಿ ವಿಷಯವೇ ಇಲ್ಲದಂತಾಗುವ ಅಪಾಯವಿತ್ತು. 1960ರ ದಶಕದಲ್ಲಿ ಆರು ದೊಡ್ಡ ಕಂಪನಿಗಳು ಊರೂರಿನ ಬ್ರೂವರಿಗಳನ್ನು ಕೊಂಡು ಮುಚ್ಚತೊಡಗಿದವು. ಆಗ ಅಲ್ಲಿನ ಬಹುಪಾಲು ಪಬ್ಬುಗಳು ಬ್ರೂವರಿಗಳ ಸ್ವತ್ತಾಗಿದ್ದವು, ಒಡೆಯ ಕೊಟ್ಟ ಬೀರನ್ನೇ ಮಾರಬೇಕಿತ್ತು. ದೊಡ್ಡ ಕಂಪನಿಗಳಿಗೆ ಜೀವಂತ ಬೀರಿನ ಉಸಾಬರಿ ಬೇಡವಾಯಿತು. ಸೋಸಿ ಅನಿಲ ತುಂಬಿದ ಕೆಗ್ ಬೀರು ಎಲ್ಲೆಡೆ ಹರಿಯಿತು. 1971ರಲ್ಲಿ ಐರ್ಲೆಂಡಿಗೆ ರಜೆಗೆ ಹೋಗಿದ್ದ ನಾಲ್ವರು ಇಂಗ್ಲಿಷ್ ಗೆಳೆಯರು, ಕೆರ್ರಿ ಪ್ರಾಂತದ ಪಬ್ಬೊಂದರಲ್ಲಿ ಕೂತು ಇದರ ವಿರುದ್ಧ ಸಂಘ ಕಟ್ಟಿದರು. ಅದೇ ‘ಕ್ಯಾಮ್ರಾ’. ಹಣವಂತರಲ್ಲ, ಅಧಿಕಾರವಿಲ್ಲ, ಬರೇ ಗಿರಾಕಿಗಳು. ಇವತ್ತು ಅದರ ಸದಸ್ಯರು ಲಕ್ಷ ಮೀರಿದ್ದಾರೆ. ಪೀಪಾಯಿ ಬೀರು ಉಳಿದದ್ದರಲ್ಲಿ ಇವರ ಪಾಲು ದೊಡ್ಡದು. ಗ್ರಾಹಕರ ಚಳವಳಿ ಎಂದರೆ ಬೆಲೆಯೇರಿಕೆಯ ವಿರುದ್ಧ ಮೆರವಣಿಗೆ ಎಂದಷ್ಟೇ ತಿಳಿದಿರುವ ನಾವು ಗಮನಿಸಬೇಕಾದ ಸಂಗತಿ ಇದು.

ಕಟ್ಟೆಯ ಮೇಲಿನ ವಿಜ್ಞಾನ

ಪಬ್ಬು ಎಂದರೆ ‘ಪಬ್ಲಿಕ್ ಹೌಸ್’, ಸಾರ್ವಜನಿಕರ ಮನೆ. ಬೆಂಗಳೂರಿನ ಪಬ್ಬುಗಳನ್ನು ನೋಡಿ, ಕಿವಿ ಗಡಚಿಕ್ಕುವ ಸಂಗೀತ ಕೇಳಿ ಬಂದವರಿಗೆ ಇಂಗ್ಲೆಂಡಿನ ಬೀದಿಮೂಲೆಯ ಪಬ್ಬು ಅರ್ಥವಾಗುವುದು ಕಷ್ಟ. ನಮ್ಮ ಹಳ್ಳಿಯ ಅರಳೀಕಟ್ಟೆಗೆ ಮಾಡು ಹೊದಿಸಿ, ಬಾಗಿಲಿಟ್ಟು, ಬೆಂಕಿ ಹಾಕಿದರೆ ಹೇಗಿರಬಹುದೋ ಹಾಗೆ. ಹಿರಿಯರ ಜತೆ ಮಕ್ಕಳೂ ಬರುತ್ತಾರೆ, ಅವರಿಗೆ ಶರಬತ್ತು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆರ್ವೆಲ್ 1946ರಲ್ಲಿ ಪತ್ರಿಕೆಯೊಂದಕ್ಕೆ ತನ್ನ ಮೆಚ್ಚಿನ ಪಬ್ಬಿನ ಬಗ್ಗೆ ಬರೆದ. ಮಾತು ಕೇಳಿಸುವಷ್ಟು ಮೌನ, ರೇಡಿಯೋ ಇಲ್ಲ, ಹಿಂದುಗಡೆ ಮಕ್ಕಳು ಆಡಲು ತೋಟ. ಓದುಗರೆಲ್ಲ ವಿಳಾಸ ಹುಡುಕುವ ಹೊತ್ತಿಗೆ, ಕೊನೆಯಲ್ಲಿ, ಅಂಥ ಪಬ್ಬೇ ಇಲ್ಲ ಎಂದುಬಿಟ್ಟ!

ವಿಜ್ಞಾನಕ್ಕೂ ಬೀರಿನ ಮನೆಗಳಿಗೂ ಇರುವ ನಂಟು ಸಣ್ಣದಲ್ಲ. ಶಕ್ತಿಯ ಮಾನಕ್ಕೆ ಹೆಸರು ಕೊಟ್ಟ ಜೌಲ್ ಸ್ಯಾಲ್‌ಫರ್ಡ್‌ನ ಬ್ರೂವರಿ ಮಾಲೀಕನ ಮಗ. ನೀರನ್ನು ಕಲಕಿ ಅದರ ತಾಪ ಎಷ್ಟು ಏರಿತೆಂದು ಆತ ಅಳೆದದ್ದು ಡಿಗ್ರಿಯ ಅತಿ ಸಣ್ಣ ಭಾಗಗಳಲ್ಲಿ. ಅಷ್ಟು ಸೂಕ್ಷ್ಮವಾಗಿ ಅಳೆಯಲು ಸಾಧ್ಯವೇ ಎಂದು ಆ ಕಾಲದ ಪಂಡಿತರಿಗೇ ಸಂಶಯ. ತಾಪಮಾಪಕ ಹಿಡಿದೇ ಬೀರು ಮಾಡುವ ಮನೆಯಲ್ಲಿ ಬೆಳೆದವನಿಗೆ ಅದು ದೊಡ್ಡದಾಗಿ ತೋರಲಿಲ್ಲವೆಂದು ವಿಜ್ಞಾನದ ಇತಿಹಾಸಕಾರರು ಹೇಳುತ್ತಾರೆ. ಲೂಯಿ ಪಾಶ್ಚರ್ 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಬಂದು ಸೂಕ್ಷ್ಮದರ್ಶಕದಲ್ಲಿ ಯೀಸ್ಟ್ ನೋಡಿ, ಬೀರು ಕೆಡಲು ಕಾರಣವೇನೆಂದು ತೋರಿಸಿಕೊಟ್ಟ. ಬ್ರೂವರಿಯವರು ಕೂಡಲೇ ಒಂದು ಸೂಕ್ಷ್ಮದರ್ಶಕ ಕೊಂಡರು. ಕೇಂಬ್ರಿಜ್‌ನ ‘ಈಗಲ್’ ಪಬ್ಬಿನಲ್ಲಿ 1953ರ ಫೆಬ್ರುವರಿ 28ರ ಮಧ್ಯಾಹ್ನ ಫ್ರಾನ್ಸಿಸ್ ಕ್ರಿಕ್ ಡಿಎನ್‌ಎ ರಚನೆಯ ಸುದ್ದಿಯನ್ನು ಎಲ್ಲರಿಗೂ ಸಾರಿದನೆಂದು ಜೇಮ್ಸ್ ವಾಟ್ಸನ್ ಬರೆದಿದ್ದಾನೆ. ಹಾಗೆ ಹೇಳಿದ ನೆನಪು ತನಗಿಲ್ಲ ಎಂದದ್ದು ಸ್ವತಃ ಕ್ರಿಕ್!

ಎಲ್ಲಕ್ಕಿಂತ ಸ್ವಾರಸ್ಯದ್ದು ಲಂಡನ್ನಿನ ಸೋಹೋ ಬಡಾವಣೆಯ ಸಂಗತಿ. 1854ರಲ್ಲಿ ಅಲ್ಲಿ ಕಾಲರಾ ಎದ್ದು ಕೆಲವೇ ದಿನಗಳಲ್ಲಿ ನೂರಾರು ಮಂದಿ ಸತ್ತರು. ಬ್ರಾಡ್ ಸ್ಟ್ರೀಟಿನ ಕೈಪಂಪಿನ ನೀರೇ ಕಾರಣವೆಂದು ಡಾಕ್ಟರ್ ಜಾನ್ ಸ್ನೋ ಕಂಡುಹಿಡಿದ. ಆದರೆ ಅದೇ ಬೀದಿಯಲ್ಲಿದ್ದ ಬ್ರೂವರಿಯ ಎಪ್ಪತ್ತಕ್ಕೂ ಹೆಚ್ಚು ಆಳುಗಳಲ್ಲಿ ಒಬ್ಬರೂ ಸಾಯಲಿಲ್ಲವೇಕೆ? ವಿಚಾರಿಸಿದಾಗ ತಿಳಿಯಿತು: ಅವರಿಗೆ ದಿನಾ ಬ್ರೂವರಿಯಿಂದಲೇ ಬೀರು ಸಿಗುತ್ತಿತ್ತು, ಅಲ್ಲಿ ಬೇರೆ ಬಾವಿಯೂ ಇತ್ತು, ಆ ಕೈಪಂಪಿನ ನೀರನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಬೀರಿನ ರಸವನ್ನು ಕುದಿಸುತ್ತಾರಲ್ಲ! ಇದು ಸ್ನೋನ ವಾದಕ್ಕೆ ದೊಡ್ಡ ಪುರಾವೆಯಾಯಿತು. ಇವತ್ತು ಆ ಜಾಗದ ಪಕ್ಕದಲ್ಲೇ ಆತನ ಹೆಸರಿನ ಪಬ್ಬಿದೆ. ಸ್ನೋ ತನ್ನ ಯೌವನದಲ್ಲೇ ಮದ್ಯ ಮುಟ್ಟುವುದಿಲ್ಲವೆಂದು ಶಪಥ ಮಾಡಿದವನು ಎಂಬುದನ್ನು ಹೆಸರಿಟ್ಟವರು ಮನ್ನಿಸಿರಬೇಕು.

ಇಟ್ಟಿಗೆಗೆ ಇಟ್ಟಿಗೆ

2000ದಲ್ಲಿ ಬ್ರಿಟನ್ನಿನಲ್ಲಿ 60 ಸಾವಿರದಷ್ಟು ಪಬ್ಬುಗಳಿದ್ದವು. ಈಗ ಉಳಿದಿರುವುದು 45 ಸಾವಿರದ ಆಸುಪಾಸು. ಸೂಪರ್‌ಮಾರ್ಕೆಟ್ಟಿನ ಅಗ್ಗದ ಡಬ್ಬಿಗಳು, ಏರಿದ ಬಾಡಿಗೆ, 2020ರ ಕೋವಿಡ್, ಆಮೇಲಿನ ವಿದ್ಯುತ್ ಮತ್ತು ಅನಿಲದ ಬಿಲ್ಲು, ಇವೆಲ್ಲ ಸೇರಿದವು. ಯುವಕರು ಮೊದಲಿನಷ್ಟು ಕುಡಿಯುವುದಿಲ್ಲ ಎಂಬುದೂ ಒಂದು ಕಾರಣ. ಅದನ್ನು ಕೆಟ್ಟದ್ದೆನ್ನಲು ಬಾರದು. ಆದರೆ ಪಬ್ಬು ಮುಚ್ಚಿದ ಬೀದಿಯಲ್ಲಿ ಒಂಟಿ ಮುದುಕನೊಬ್ಬ ಸಂಜೆ ಎಲ್ಲಿಗೆ ಹೋಗಬೇಕು? ಅವನು ಡಬ್ಬಿ ತಂದು ಟೀವಿಯ ಮುಂದೆ ಕೂರುತ್ತಾನೆ. ಎರಡು ದಿನ ಕಾಣದಿದ್ದರೆ ಬಾಗಿಲು ತಟ್ಟುವವರಿಲ್ಲ. ಪಬ್ಬಿನ ಪರ ವಾದಿಸುವವರು ಹೇಳುವುದು ಇದನ್ನೇ, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಕೆಲವೆಡೆ ಜನ ಸುಮ್ಮನೆ ಕೂರಲಿಲ್ಲ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯವರು 2003ರಲ್ಲಿ ತಮ್ಮ ‘ಓಲ್ಡ್ ಕ್ರೌನ್’ ಪಬ್ಬನ್ನು ಸಹಕಾರಿ ಸಂಘ ಕಟ್ಟಿ ತಾವೇ ಕೊಂಡರು. ನಮ್ಮ ಹಾಲಿನ ಸೊಸೈಟಿಯ ಹಾಗೆ! ಲಂಡನ್ನಿನ ಕಿಲ್ಬರ್ನ್ ಬಳಿಯ ‘ಕಾರ್ಲ್‌ಟನ್ ಟಾವರ್ನ್’ ಕಥೆ ಇನ್ನೂ ಗಟ್ಟಿ. 1920ರ ಸುಮಾರಿಗೆ ಕಟ್ಟಿದ ಆ ಪಬ್ಬು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರುವುದರಲ್ಲಿತ್ತು. 2015ರ ಏಪ್ರಿಲ್‌ನಲ್ಲಿ, ಅನುಮತಿಯನ್ನೂ ಪಡೆಯದೆ, ಮಾಲೀಕರು ಬುಲ್ಡೋಜರ್ ತಂದು ಕೆಡವಿಬಿಟ್ಟರು. ಕೆಡವಿದ ಮೇಲೆ ಯಾರು ಏನು ಮಾಡಿಯಾರು ಎಂಬ ಧೈರ್ಯ. ಆದರೆ ನೆರೆಹೊರೆಯವರಿಗೆ ಮೊದಲೇ ಅನುಮಾನ ಬಂದಿತ್ತು. ಅವರ ಒತ್ತಾಯದಿಂದ ಕಟ್ಟಡದ ವಿವರಗಳೆಲ್ಲ ದಾಖಲಾಗಿದ್ದವು. ವೆಸ್ಟ್‌ಮಿನ್‌ಸ್ಟರ್ ನಗರಸಭೆ ಆಜ್ಞೆ ಹೊರಡಿಸಿತು: ಮೊದಲು ಹೇಗಿತ್ತೋ ಹಾಗೆಯೇ, ಇಟ್ಟಿಗೆಗೆ ಇಟ್ಟಿಗೆ ಜೋಡಿಸಿ, ಮರಳಿ ಕಟ್ಟಿಕೊಡಿ. ಮೇಲ್ಮನವಿಯಲ್ಲೂ ಆಜ್ಞೆ ನಿಂತಿತು. 2021ರ ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ, ಅದೇ ರೂಪದಲ್ಲಿ ಪಬ್ಬು ಬಾಗಿಲು ತೆರೆಯಿತು.

ಲೂಯಿಸಿನವರು ಕಟ್ಟಡಕ್ಕಾಗಿ ನಿಂತವರಲ್ಲ, ಕೈಪಂಪೊಂದರ ಹಿಂದಿದ್ದ ಬೀರಿಗಾಗಿ ನಿಂತವರು. ಗ್ರೀನ್ ಕಿಂಗ್ ಬೀರೂ ಪೀಪಾಯಿಯ ಜೀವಂತ ಬೀರೇ, ನಕಲಿಯಲ್ಲ ಎಂಬುದನ್ನು ನೆನಪಿಡಬೇಕು. ಜಗಳವಿದ್ದದ್ದು ಒಳ್ಳೆಯ ಬೀರು, ಕೆಟ್ಟ ಬೀರು ಎಂದಲ್ಲ. ನಮ್ಮೂರಿನ ನೀರಿನಿಂದ, ನಮ್ಮೂರಿನವರೇ ಮಾಡಿದ್ದು ನಮ್ಮೂರಿನ ಕಟ್ಟೆಯಲ್ಲಿ ಸಿಗಬೇಕೋ ಬೇಡವೋ, ಅದನ್ನು ತೀರ್ಮಾನಿಸುವವರು ಯಾರು ಎಂಬುದಷ್ಟೇ. ಅಮೆರಿಕದ ಸ್ವಾತಂತ್ರ್ಯಕ್ಕೆ ಕಿಡಿ ಹಚ್ಚಿದ ಥಾಮಸ್ ಪೇನ್ 1768ರಿಂದ 1774ರವರೆಗೆ ಇದೇ ಊರಿನಲ್ಲಿ ಅಬಕಾರಿ ಅಧಿಕಾರಿಯಾಗಿದ್ದ, ಇಲ್ಲಿನ ‘ವೈಟ್ ಹಾರ್ಟ್’ ಛತ್ರದಲ್ಲಿ ಕೂತು ಚರ್ಚೆ ಮಾಡುತ್ತಿದ್ದ. ಆ ಗಾಳಿ ಇನ್ನೂ ಇದೆಯೇನೋ.

ಚಳಿಗಾಲ ಕಳೆಯಿತು. ಪಬ್ಬಿನ ವ್ಯಾಪಾರ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತೆಂದು ಪತ್ರಿಕೆಗಳು ಬರೆದವು. ಗಲಾಟೆಯಿಲ್ಲ, ಕಲ್ಲು ತೂರಾಟವಿಲ್ಲ. ಬೀರು ಕುಡಿಯುವವರೇ ಬೀರು ಬಿಟ್ಟು ಹೊರಗೆ ನಿಂತಿದ್ದರು. 2007ರ ಏಪ್ರಿಲ್‌ನಲ್ಲಿ, 133 ದಿನಗಳ ಬಳಿಕ, ಕಂಪನಿ ಮಣಿಯಿತು. ಹಾರ್ವೀಸ್ ಬಿಟರ್ ಲೂಯಿಸ್ ಆರ್ಮ್ಸ್‌ಗೆ ಮರಳಿತು. ಪೀಪಾಯಿ ಇಳಿಸಿದ ಗಳಿಗೆಯಲ್ಲೇ ಲೋಟ ತುಂಬಲು ಬರುವುದಿಲ್ಲವಲ್ಲ, ಯೀಸ್ಟು ತಳಕ್ಕಿಳಿದು ಬೀರು ತಿಳಿಯಾಗಲು ಒಂದು ದಿನವಾದರೂ ಬೇಕು. ಅಷ್ಟು ಕಾದವರಿಗೆ ಅದೇನು ಮಹಾ!